ಸಂಶಯ ತೀರುವವರೆಗೆ ಕಾಯಬೇಕಾಗಿಲ್ಲ

ಸಂಶಯವನ್ನೂ ಅನಿಶ್ಚಯವನ್ನೂ ನಾವು ಒಂದೇ ಗಂಟಿನಲ್ಲಿ ಕಟ್ಟಿಡುತ್ತೇವೆ. "ನಂಬಿಕೆ ಸಾಲದು, ಅದಕ್ಕೇ ನಿರ್ಧಾರ ಮಾಡೋಕಾಗ್ತಿಲ್ಲ" ಎನ್ನುತ್ತೇವೆ. ಇವತ್ತು ಮೊದಲು ಆ ಗಂಟನ್ನು ಬಿಚ್ಚೋಣ. ದೇವರು ನನ್ನ ಮೊರೆ ಕೇಳುತ್ತಾರೋ ಇಲ್ಲವೋ ಎನ್ನುವುದು ಸಂಶಯ. ಕುವೈತಿನ ಕೆಲಸಕ್ಕೆ ಹೋಗಲೋ ಬೇಡವೋ ಎನ್ನುವುದು ಅನಿಶ್ಚಯ. ಮೊದಲನೆಯದಕ್ಕೆ ಗಡುವಿಲ್ಲ. ಅದನ್ನು ಹತ್ತು ವರ್ಷ ಹೊತ್ತುಕೊಂಡೇ ಭಾನುವಾರದ ಆರಾಧನೆಗೆ ಹೋಗುವವರಿದ್ದಾರೆ, ಅವರು ಕಪಟಿಗಳಲ್ಲ. ಎರಡನೆಯದಕ್ಕೆ ಗಡುವಿದೆ. ವೀಸಾದ ತಾರೀಖು, ಹೆಣ್ಣಿನ ಮನೆಯವರು ಕೇಳಿರುವ ಉತ್ತರ, ಸೆಮಿನರಿಯ ಅರ್ಜಿ, ಇವು ನಿಮ್ಮ ನಂಬಿಕೆ ಗಟ್ಟಿಯಾಗಲಿ ಎಂದು ಕಾಯುವುದಿಲ್ಲ.

ಹಾಗಾದರೆ ಸಂಶಯ ತೀರದೆ ತೀರ್ಮಾನ ಮಾಡಬಹುದೇ? ಮಾಡಬಹುದು. ಸತ್ಯವೇದದಲ್ಲಿ ಇದಕ್ಕೆ ನೇರವಾದ ಜಾಗವೇ ಇದೆ, ನಾವು ಅದನ್ನು ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ. ಮತ್ತಾಯ 28. ಪುನರುತ್ಥಾನವಾದ ಮೇಲೆ ಹನ್ನೊಂದು ಮಂದಿ ಶಿಷ್ಯರು ಗಲಿಲಾಯದ ಬೆಟ್ಟಕ್ಕೆ ಹೋದರು, ಯೇಸುಸ್ವಾಮಿಯನ್ನು ಕಂಡು ಅಡ್ಡಬಿದ್ದರು, ಆದರೆ ಕೆಲವರು ಸಂದೇಹಪಟ್ಟರು ಎಂದು 17ನೆಯ ವಚನ ಹೇಳುತ್ತದೆ. 19ನೆಯ ವಚನದಲ್ಲಿ "ಹೊರಟುಹೋಗಿ ಎಲ್ಲಾ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ" ಎಂಬ ಅಪ್ಪಣೆ. ನಡುವೆ ಒಂದೇ ವಚನ ಇದೆ. ಸಂದೇಹಪಟ್ಟವರನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದರೆಂದಾಗಲಿ, ಅವರ ಸಂದೇಹ ಹೋದ ಮೇಲೆ ಕಳಿಸಿದರೆಂದಾಗಲಿ ಮತ್ತಾಯ ಬರೆದಿಲ್ಲ. ಸಂದೇಹವಿದ್ದವರಿಗೂ ಇಲ್ಲದವರಿಗೂ ಒಂದೇ ಕೆಲಸ ಕೊಟ್ಟರು.

"ಹಾಗಿದ್ದರೆ ಯಾಕೋಬನ ಪತ್ರಿಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬೇಕೆಂದಿದ್ದೀರಿ. ಸಂದೇಹಪಡುವವನು ಗಾಳಿಗೆ ಎದ್ದ ಸಮುದ್ರದ ತೆರೆಯ ಹಾಗೆ, ಅವನಿಗೆ ಎರಡು ಮನಸ್ಸು ಎಂದು ಒಂದನೆಯ ಅಧ್ಯಾಯದಲ್ಲಿದೆ. ಸರಿ. ಆದರೆ ಐದನೆಯ ವಚನದಿಂದ ಓದಿ. ಅಲ್ಲಿ ಕೇಳುತ್ತಿರುವುದು ವಿವೇಕ. ದೇವರ ಹತ್ತಿರ ವಿವೇಕ ಕೇಳಿ, ಅದು ಸಿಕ್ಕಿದಾಗ ಅದರಂತೆ ನಡೆಯುವ ಮನಸ್ಸಿಲ್ಲದೆ, ಒಂದು ಕಾಲು ಈಚೆ ಒಂದು ಕಾಲು ಆಚೆ ಇಟ್ಟುಕೊಂಡವನ ಬಗ್ಗೆ ಯಾಕೋಬ ಮಾತಾಡುತ್ತಿದ್ದಾನೆ. ರಾತ್ರಿ ಮಲಗಿದಾಗ "ದೇವರೇ, ನೀನಿದ್ದೀಯಾ?" ಎಂದು ಅಳುವವನ ಬಗ್ಗೆ ಅಲ್ಲ. ಅಂಥವನಿಗೆ ಕೀರ್ತನೆಗಳಲ್ಲಿ ಬೇಕಾದಷ್ಟು ಜಾಗವಿದೆ. 88ನೆಯ ಕೀರ್ತನೆ ತೆಗೆದು ನೋಡಿ, ಕೊನೆಯ ಸಾಲು ಕತ್ತಲೆಯಲ್ಲೇ ನಿಲ್ಲುತ್ತದೆ, ಬೇರೆ ಕೀರ್ತನೆಗಳ ಹಾಗೆ ಕಡೆಗೆ ಸ್ತೋತ್ರಕ್ಕೆ ತಿರುಗುವುದಿಲ್ಲ. ಅದನ್ನೂ ಆರಾಧನೆಯ ಪುಸ್ತಕದಲ್ಲೇ ಉಳಿಸಿಕೊಂಡಿದ್ದಾರೆ.

ಸಂಶಯಕ್ಕೆ ಮಾಡಬೇಕಾದದ್ದು ಹೆಚ್ಚೇನಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಒಂದು, ಅದನ್ನು ದೇವರಿಗೇ ಹೇಳುವುದು. ಮಾರ್ಕ 9ರಲ್ಲಿ ಮಗನ ಕಾಯಿಲೆ ಹೊತ್ತು ಬಂದ ತಂದೆ ನಂಬುತ್ತೇನೆ ಎಂದೂ ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದೂ ಒಂದೇ ಉಸಿರಿನಲ್ಲಿ ಕೂಗಿದ. ಮಗ ವಾಸಿಯಾದ. ಎರಡು, ಗುಂಪನ್ನು ಬಿಟ್ಟು ಹೋಗದಿರುವುದು. ತೋಮನ ವಿಷಯದಲ್ಲಿ ನಾವು ಗಮನಿಸದೇ ಇರುವುದು ಇದನ್ನೇ. ಉಳಿದ ಹತ್ತು ಮಂದಿ "ನಾವು ಕಂಡೆವು" ಎಂದರೂ ಅವನು ನಂಬಲಿಲ್ಲ. ಆದರೆ ಎಂಟು ದಿನಗಳಾದ ಮೇಲೆ ಅದೇ ಮನೆಯಲ್ಲಿ, ಅದೇ ಹತ್ತು ಮಂದಿಯ ಜೊತೆ ಇದ್ದ. ನಂಬದವನನ್ನು ಅವರು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಹೋಗಿದ್ದರೆ ಅಲ್ಲಿ ಯೇಸುಸ್ವಾಮಿಯನ್ನು ಕಾಣುವುದು ಅವನಿಗೆ ತಪ್ಪುತ್ತಿತ್ತು.

ಇನ್ನು ಅನಿಶ್ಚಯಕ್ಕೆ ಬರೋಣ. ಇದಕ್ಕೆ ಸಮಯ ಬೇಕು, ಏಕೆಂದರೆ ನಮ್ಮಲ್ಲಿ ಇದಕ್ಕೆ ಅಡ್ಡದಾರಿಗಳು ಬಹಳ.

ಡಿಸೆಂಬರ್ 31ರ ರಾತ್ರಿ ನಮ್ಮ ಎಷ್ಟೋ ಸಭೆಗಳಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡು ಎತ್ತುತ್ತಾರೆ. ಒಳ್ಳೆಯ ಪದ್ಧತಿ, ಬೇಡವೆನ್ನುವುದಿಲ್ಲ. ವರ್ಷಪೂರ್ತಿ ಒಂದು ವಚನವನ್ನು ಮನೆಯ ಗೋಡೆಯ ಮೇಲಿಟ್ಟು ಧ್ಯಾನ ಮಾಡುವುದರಲ್ಲಿ ತಪ್ಪೇನಿದೆ? ತೊಂದರೆ ಶುರುವಾಗುವುದು ಅದೇ ಕಾರ್ಡಿನಿಂದ ಊರು ಬಿಡಬೇಕೋ ಬೇಡವೋ ಎಂದು ಓದಲು ಹೊರಟಾಗ. "ನೀನು ಹೋಗುವಲ್ಲೆಲ್ಲಾ ನಾನಿರುವೆನು" ಎಂದು ಬಂದರೆ ಹೊರಡುವವನಿಗೂ ಸರಿ, ಉಳಿಯುವವನಿಗೂ ಸರಿ. ಕಾರ್ಡು ಎತ್ತುವ ಮುಂಚೆಯೇ ಮನಸ್ಸು ಎತ್ತ ವಾಲಿತ್ತೋ ಅತ್ತಲೇ ಅದನ್ನು ಓದುತ್ತೇವೆ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಡುವುದೂ ಇದೇ.

ಇದು ನಮ್ಮ ಕಾಲದ ಕಾಯಿಲೆಯಲ್ಲ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ನೆಲೆಸಿದ ಮೊರಾವಿಯನ್ ಸಭೆಯವರು ಚೀಟಿ ಎತ್ತಿ ಆರಿಸಿದ ದಿನಕ್ಕೊಂದು ವಚನವನ್ನು 1731ರಿಂದ ಪುಸ್ತಕವಾಗಿ ಅಚ್ಚು ಹಾಕುತ್ತಾ ಬಂದಿದ್ದಾರೆ. ಇಂದಿಗೂ ಲಕ್ಷಾಂತರ ಜನ ಓದುತ್ತಾರೆ, ಅದು ಬೇರೆ ಮಾತು. ಆದರೆ ಅವರು ಮದುವೆಗೂ ಚೀಟಿ ಎತ್ತುತ್ತಿದ್ದರು. ಕಡೆಗೆ 1818ರ ಮಹಾಸಭೆಯಲ್ಲಿ ಸಾಮಾನ್ಯ ಸಭಿಕರ ಮದುವೆಯನ್ನು ಚೀಟಿಯಿಂದ ಬಿಡಿಸಿದರು.

ಅವರಿಂದಲೇ ಚೀಟಿಯ ಅಭ್ಯಾಸ ಕಲಿತವರು ಜಾನ್ ವೆಸ್ಲಿ, ಮೆಥಡಿಸ್ಟ್ ಸಭೆಯ ಮೂಲಪುರುಷರು. ಇಲ್ಲಿ ಮೆಥಡಿಸ್ಟರೂ ಇದ್ದೀರಿ, ಬೇಸರ ಮಾಡಿಕೊಳ್ಳಬೇಡಿ, ಇದನ್ನು ಅವರೇ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಮೆರಿಕದ ಜಾರ್ಜಿಯಾ ವಸಾಹತಿನಲ್ಲಿ ಪಾದ್ರಿಯಾಗಿದ್ದಾಗ ಸೋಫಿಯಾ ಹಾಪ್ಕಿ ಎಂಬ ಹುಡುಗಿಯ ಮೇಲೆ ಅವರಿಗೆ ಮನಸ್ಸಾಯಿತು. ಮದುವೆಯಾಗಲೋ ಬೇಡವೋ ಎಂದು ತಿಂಗಳುಗಟ್ಟಲೆ ತೂಗಾಡಿದರು. 1737ರ ಮಾರ್ಚ್ 4ರಂದು ಗೆಳೆಯ ಡೆಲಮೋಟ್ ಜೊತೆ ಪ್ರಾರ್ಥನೆ ಮಾಡಿ ಮೂರು ಚೀಟಿ ಬರೆದರು. ಮದುವೆಯಾಗು ಎಂದು ಒಂದರಲ್ಲಿ, ಈ ವರ್ಷ ಯೋಚಿಸಬೇಡ ಎಂದು ಇನ್ನೊಂದರಲ್ಲಿ, ಇನ್ನು ಯೋಚಿಸಲೇಬೇಡ ಎಂದು ಮೂರನೆಯದರಲ್ಲಿ. ಬಂದದ್ದು ಮೂರನೆಯದು. ಎಂಟೇ ದಿನಕ್ಕೆ ಆಕೆ ಬೇರೊಬ್ಬರನ್ನು ಮದುವೆಯಾದಳು.

ಕತೆ ಅಲ್ಲಿಗೆ ಮುಗಿದಿದ್ದರೆ ದೇವರೇ ದಾರಿ ತೋರಿಸಿದರು ಎನ್ನಬಹುದಿತ್ತು. ಆದರೆ ಆಗಸ್ಟಿನಲ್ಲಿ ವೆಸ್ಲಿ ಆಕೆಗೆ ಪ್ರಭುಭೋಜನ ಕೊಡಲು ನಿರಾಕರಿಸಿದರು. ಆಕೆಯ ಗಂಡ ದಾವೆ ಹೂಡಿದ. ಊರಿನ ಮುಖ್ಯ ನ್ಯಾಯಾಧಿಕಾರಿ ಆಕೆಯ ಚಿಕ್ಕಮ್ಮನ ಗಂಡ. ಡಿಸೆಂಬರಿನಲ್ಲಿ ವೆಸ್ಲಿ ಜಾರ್ಜಿಯಾ ಬಿಟ್ಟು ಹೊರಟರು, ಮತ್ತೆಂದೂ ಹಿಂತಿರುಗಲಿಲ್ಲ. ಚೀಟಿ ಎಲ್ಲಿ ಕೆಡಿಸಿತು ನೋಡಿ. ಅದು ಉತ್ತರ ಕೊಟ್ಟಿತು, ಮನಸ್ಸನ್ನು ತೀರ್ಮಾನಕ್ಕೆ ತರಲಿಲ್ಲ. ಬೇಡ ಎನ್ನಲು ತಮ್ಮದೇ ಕಾರಣಗಳನ್ನು ಹುಡುಕಿ, ಅದರ ನೋವನ್ನು ಅನುಭವಿಸಿ, ಆಕೆಗೆ ನೇರವಾಗಿ ಹೇಳುವ ಕೆಲಸವನ್ನು ವೆಸ್ಲಿ ಮಾಡಲಿಲ್ಲ. ಮಾಡದೆ ಉಳಿದ ಆ ಕೆಲಸವೇ ಆಗಸ್ಟಿನಲ್ಲಿ ಪ್ರಭುಭೋಜನದ ಮುಂದೆ ಎದ್ದು ನಿಂತಿತು ಎಂಬುದು ನನ್ನ ಅಭಿಪ್ರಾಯ.

ಅಪೊಸ್ತಲರೂ ಚೀಟಿ ಹಾಕಲಿಲ್ಲವೇ ಎಂದರೆ, ಹಾಕಿದರು. ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಹಾಗೆಯೇ. ಅದು ಅಪೊಸ್ತಲರ ಕೃತ್ಯಗಳು ಒಂದನೆಯ ಅಧ್ಯಾಯ. ಎರಡನೆಯ ಅಧ್ಯಾಯದಲ್ಲಿ ಪವಿತ್ರಾತ್ಮ ಇಳಿದು ಬಂತು. ಅಲ್ಲಿಂದ ಮುಂದೆ ಹೊಸ ಒಡಂಬಡಿಕೆಯಲ್ಲಿ ವಿಶ್ವಾಸಿಗಳು ಇನ್ನೊಮ್ಮೆ ಚೀಟಿ ಹಾಕಿದ್ದು ಸಿಗುವುದಿಲ್ಲ. ಹದಿನೈದನೆಯ ಅಧ್ಯಾಯದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಬಂದಾಗ ಕೂತು ವಾದ ಮಾಡಿದರು, ಸಾಕ್ಷಿ ಕೇಳಿದರು, ವಾಕ್ಯ ನೋಡಿದರು, ಆಮೇಲೆ ಪವಿತ್ರಾತ್ಮನಿಗೂ ನಮಗೂ ಇದು ಸರಿಯೆಂದು ತೋರಿತು ಎಂದು ಬರೆದರು. 'ನಮಗೂ' ಎನ್ನುವುದನ್ನು ಅವರು ಬಿಡಲಿಲ್ಲ.

ಗಿದ್ಯೋನನ ಹೆಸರೂ ಇಲ್ಲಿ ಬಂದೇ ಬರುತ್ತದೆ. ಕಣದಲ್ಲಿ ಕುರಿಯ ಉಣ್ಣೆ ಇಟ್ಟ, ಒಂದು ರಾತ್ರಿ ಉಣ್ಣೆ ಮಾತ್ರ ಒದ್ದೆಯಾಗಲಿ ಎಂದ, ಮರುರಾತ್ರಿ ಅದೊಂದೇ ಒಣಗಿರಲಿ ಎಂದ. ಆದರೆ ನ್ಯಾಯಸ್ಥಾಪಕರು 6ರಲ್ಲಿ ಉಣ್ಣೆಯ ಪ್ರಸಂಗ ಬರುವುದು 36ನೆಯ ವಚನಕ್ಕೆ. ಹೋಗು ಎಂದು ದೇವರು ಹೇಳಿದ್ದು 14ನೆಯ ವಚನದಲ್ಲಿ. ದೇವರ ಚಿತ್ತ ಅವನಿಗೆ ಮೊದಲೇ ಗೊತ್ತಿತ್ತು. ಧೈರ್ಯ ಸಾಲದೆ ಗುರುತು ಕೇಳಿದ, ದೇವರು ತಾಳ್ಮೆಯಿಂದ ಕೊಟ್ಟರು. ಇದನ್ನು ದೇವರ ಚಿತ್ತ ಹುಡುಕುವ ವಿಧಾನ ಎಂದು ಕಲಿಸುವುದು ಆ ಅಧ್ಯಾಯದ ಮೇಲೆ ಇಲ್ಲದ ಭಾರ ಹೇರಿದಂತೆ.

ಹಾಗಾದರೆ ವಿಧಾನ ಯಾವುದು? ಕ್ರೈಸ್ತ ಪರಂಪರೆಯಲ್ಲಿ ಇದನ್ನು ಅತ್ಯಂತ ಬಿಡಿಸಿ ಬರೆದವರು ಯೇಸುಸಭೆಯ (ಜೆಸ್ವಿಟರ) ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ. ಮಂಗಳೂರಿನವರಿಗೆ ಹೇಳಬೇಕಾಗಿಲ್ಲ, 1878ರ ಕೊನೆಯ ದಿನ ಅಲ್ಲಿಗೆ ಬಂದಿಳಿದು, 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ತೆರೆದ ಯೇಸುಸಭೆಯ ಪಾದ್ರಿಗಳು ಇವರ ಮಕ್ಕಳೇ. ಸಿಎಸ್‌ಐನವರು, ಪೆಂತೆಕೊಸ್ತರು ಇದು ನಮ್ಮದಲ್ಲ ಎಂದು ಕಿವಿ ಮುಚ್ಚಿಕೊಳ್ಳಬೇಡಿ. ಮನಸ್ಸು ಹೇಗೆ ಮೋಸ ಮಾಡುತ್ತದೆ ಎನ್ನುವುದು ಎಲ್ಲ ಸಭೆಗಳಿಗೂ ಒಂದೇ.

ಇವರೂ ಶುರು ಮಾಡಿದ್ದು ಅಡ್ಡದಾರಿಯಿಂದಲೇ. 1522ರಲ್ಲಿ ಮೊಂಟ್ಸೆರಾಟ್ ಮಠಕ್ಕೆ ಹೇಸರಗತ್ತೆಯ ಮೇಲೆ ಹೋಗುತ್ತಿದ್ದಾಗ ದಾರಿಯಲ್ಲಿ ಒಬ್ಬ ಮುಸಲ್ಮಾನನ ಜೊತೆ ಮಾತೆ ಮರಿಯಳ ಕನ್ಯತ್ವದ ಬಗ್ಗೆ ವಾದವಾಯಿತು. ಆತ ಮುಂದೆ ಹೊರಟುಹೋದ. ಹಿಂಬಾಲಿಸಿ ಇರಿಯಲೋ, ಬಿಟ್ಟುಬಿಡಲೋ ಎಂದು ಇವರಿಗೆ ತಿಳಿಯಲಿಲ್ಲ. ದಾರಿ ಕವಲೊಡೆಯುವಲ್ಲಿ ಲಗಾಮು ಸಡಿಲ ಬಿಟ್ಟರು, ಪ್ರಾಣಿ ಎತ್ತ ಹೋದರೆ ಅದೇ ತೀರ್ಮಾನ. ಅದೃಷ್ಟಕ್ಕೆ ಹೇಸರಗತ್ತೆ ಆ ಮನುಷ್ಯ ಹೋದ ಊರಿನ ಕಡೆ ತಿರುಗದೆ ಹೆದ್ದಾರಿ ಹಿಡಿಯಿತು. ತಿರುಗಿದ್ದರೆ? ಕೊಲೆ ದೇವರ ಚಿತ್ತ ಆಗುತ್ತಿತ್ತೇ? ಇದನ್ನು ಮುಂದೆ ಅವರೇ ತಮ್ಮ ಜೀವನಕತೆಯಲ್ಲಿ ಹೇಳಿ ಬರೆಸಿದರು, ಆಗ ತನಗೆ ವಿವೇಚನೆ ಎಷ್ಟು ಕಡಿಮೆ ಇತ್ತು ಎಂದು ತೋರಿಸಲು. 1548ರಲ್ಲಿ ಅಚ್ಚಾದ ಅವರ ಆತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಮೊದಲ ಶರತ್ತು ಹೀಗಿದೆ: ಆಯ್ಕೆಗೆ ಇಡುವ ಎರಡೂ ದಾರಿಗಳು ಒಳ್ಳೆಯವಾಗಿರಬೇಕು, ಕಡೇಪಕ್ಷ ಕೆಟ್ಟವಾಗಿರಬಾರದು. ಲಂಚ ಕೊಟ್ಟು ಕೆಲಸ ಹಿಡಿಯಲೋ ಬೇಡವೋ ಎಂದು ಪ್ರಾರ್ಥನೆ ಮಾಡಬೇಕಾಗಿಲ್ಲ. ಆಗಲೇ ಮದುವೆಯಾದವರು ಮದುವೆಯಾಗಬೇಕಿತ್ತೋ ಇಲ್ಲವೋ ಎಂದು ಕಡತ ತೆರೆಯಬೇಕಾಗಿಲ್ಲ, ಇದ್ದ ಜಾಗದಲ್ಲಿ ಚೆನ್ನಾಗಿ ಬಾಳುವುದು ಹೇಗೆಂದು ಕೇಳಿದರೆ ಸಾಕು ಎನ್ನುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಇದು ಕಟ್ಟಿದ ಉದಾಹರಣೆ, ಯಾರದ್ದೂ ಅಲ್ಲ. ಇಪ್ಪತ್ತೊಂಬತ್ತು ವರ್ಷದ ನರ್ಸ್ ಒಬ್ಬಳು, ಊರು ಉಡುಪಿ ಕಡೆ. ಕುವೈತಿನ ಆಸ್ಪತ್ರೆಯಲ್ಲಿ ಎರಡು ವರ್ಷದ ಕರಾರು ಸಿಕ್ಕಿದೆ. ಮನೆಯಲ್ಲಿ ಅಮ್ಮ ಒಬ್ಬರೇ. ತಮ್ಮ ಬೆಂಗಳೂರಿನಲ್ಲಿ. ಮನೆ ಸಾಲ ಬಾಕಿ. ಉತ್ತರಕ್ಕೆ ಮೂರು ವಾರ ಸಮಯ.

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. "ನನ್ನ ಜೀವನದ ಬಗ್ಗೆ ದೇವರ ಚಿತ್ತವೇನು?" ಎಂದು ಬರೆದರೆ ಮೂರು ವಾರವಲ್ಲ, ಮೂರು ವರ್ಷವೂ ಸಾಲದು. "ಈ ಕರಾರಿಗೆ ಸಹಿ ಹಾಕಲೋ ಬೇಡವೋ" ಎಂದು ಬರೆಯಿರಿ. ನಮ್ಮ ಪ್ರಾರ್ಥನೆಗಳು ಉತ್ತರ ಸಿಗದೆ ನಿಲ್ಲುವುದಕ್ಕೆ ದೊಡ್ಡ ಕಾರಣ ಪ್ರಶ್ನೆ ದೊಡ್ಡದಾಗಿ, ಆಕಾರವಿಲ್ಲದೆ ಇರುವುದು.

ಆಮೇಲೆ ಮನಸ್ಸನ್ನು ತಕ್ಕಡಿಯ ಮುಳ್ಳಿನ ಹಾಗೆ ನಡುವೆ ತಂದು ನಿಲ್ಲಿಸಬೇಕು. ಈ ಮಾತು ಇಗ್ನೇಷಿಯಸರದೇ. ಹೇಳುವುದು ಸುಲಭ, ನಿಲ್ಲಿಸುವುದೇ ಕಷ್ಟ. ಮುಳ್ಳು ವಾಲಿದೆಯೇ ಎಂದು ಪರೀಕ್ಷಿಸಲು ಒಂದು ಉಪಾಯವಿದೆ. "ಹೋಗು ಎಂದರೆ ಹೋಗುತ್ತೇನೆ" ಎಂದು ಬಾಯಿಬಿಟ್ಟು ಪ್ರಾರ್ಥಿಸಿ, ಮತ್ತೆ "ಉಳಿ ಎಂದರೆ ಉಳಿಯುತ್ತೇನೆ" ಎಂದು ಪ್ರಾರ್ಥಿಸಿ. ಯಾವುದನ್ನು ಹೇಳುವಾಗ ಗಂಟಲು ಕಟ್ಟುತ್ತದೋ ಅಲ್ಲಿ ನಿಮ್ಮ ಹಟ ಇದೆ. ಎರಡನ್ನೂ ಹೇಳಲು ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ, ಅದಕ್ಕೆ ನಾಲ್ಕೈದು ದಿನ ಬೇಕಾದರೂ ಕೊಡಿ. ಇದನ್ನು ಬಿಟ್ಟು ಮುಂದೆ ಹೋದರೆ ಆಮೇಲೆ ಮಾಡುವುದೆಲ್ಲ ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ದೇವರ ಸಹಿ ಹಾಕಿಸುವ ಕೆಲಸ.

ಮೂರನೆಯದು ಕಾಗದದ ಕೆಲಸ. ನಾವು ಸಾಮಾನ್ಯವಾಗಿ ಎರಡು ಕಾಲಂ ಹಾಕುತ್ತೇವೆ, ಲಾಭ ಮತ್ತು ನಷ್ಟ. ಇಗ್ನೇಷಿಯಸ್ ಹೇಳುವಂತೆ ಮಾಡಿದರೆ ನಾಲ್ಕಾಗುತ್ತವೆ. ಹೋದರೆ ಏನು ಒಳ್ಳೆಯದು, ಹೋದರೆ ಏನು ಅಪಾಯ, ಹೋಗದಿದ್ದರೆ ಏನು ಒಳ್ಳೆಯದು, ಹೋಗದಿದ್ದರೆ ಏನು ಅಪಾಯ. ಒಂದೇ ಮಾತನ್ನು ತಿರುಗಿಸಿ ಬರೆದಂತೆ ಕಾಣುತ್ತದೆ, ಆದರೆ ಬರೆದು ನೋಡಿ. ನಮ್ಮ ನರ್ಸ್ ಹೋದರೆ ಒಳ್ಳೆಯದು ಎಂಬ ಕೆಳಗೆ ಸಾಲ ತೀರುತ್ತದೆ ಎಂದು ಬರೆಯುತ್ತಾಳೆ. ಹೋಗದಿದ್ದರೆ ಒಳ್ಳೆಯದು ಎಂಬ ಕಾಲಮಿಗೆ ಬಂದಾಗಲೇ ಸಂಜೆ ಅಮ್ಮನ ಜೊತೆ ಕೂತು ಮಾಡುವ ಜಪಮಾಲೆ ಅವಳಿಗೆ ನೆನಪಾಗುವುದು. ಎರಡೇ ಕಾಲಂ ಇದ್ದಿದ್ದರೆ ಅದಕ್ಕೆ ಜಾಗವೇ ಇರುತ್ತಿರಲಿಲ್ಲ, ಏಕೆಂದರೆ ಅದು ಹೋಗುವುದರ ನಷ್ಟವಾಗಿ ತೋರದೆ ಉಳಿಯುವುದರ ಸಂತೋಷವಾಗಿಯೇ ಹೊಳೆಯುವಂಥದ್ದು.

ಬರೆದ ಮೇಲೆ ಸಾಲುಗಳನ್ನು ಎಣಿಸಬೇಡಿ. ಒಂದು ಕಾಲಮಿನಲ್ಲಿ ಹನ್ನೊಂದು, ಇನ್ನೊಂದರಲ್ಲಿ ಮೂರು ಇದ್ದರೂ ಆ ಮೂರೇ ಭಾರವಾಗಿರಬಹುದು. ಪ್ರತಿ ಸಾಲಿನ ಮುಂದೆ ಅದು ಎಲ್ಲಿಂದ ಬಂತು ಎಂದು ಒಂದೇ ಪದದಲ್ಲಿ ಗುರುತು ಹಾಕಿ: ಪ್ರೀತಿಯಿಂದಲೇ, ಭಯದಿಂದಲೇ, ಹೆಮ್ಮೆಯಿಂದಲೇ, "ಜನ ಏನಂತಾರೆ" ಎಂಬುದರಿಂದಲೇ. ಪಕ್ಕದ ಮನೆಯವರ ಮಗಳು ಹೋಗಿದ್ದಾಳೆ ಎಂಬ ಸಾಲಿನ ಮುಂದೆ ಯಾವ ಗುರುತು ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಭಯದಿಂದ ಬಂದದ್ದೆಲ್ಲ ಸುಳ್ಳಲ್ಲ, ಅಮ್ಮನ ರಕ್ತದೊತ್ತಡದ ಬಗ್ಗೆ ಭಯವಿದ್ದರೆ ಅದಕ್ಕೆ ಆಧಾರವಿದೆ. ಅಂಥದ್ದನ್ನು ಹೊಡೆದುಹಾಕಬೇಡಿ, ವಿಚಾರಿಸಿ. ಡಾಕ್ಟರನ್ನು ಕೇಳಿ, ತಮ್ಮ ವಾರಕ್ಕೊಮ್ಮೆ ಬರಬಲ್ಲನೇ ಎಂದು ಕೇಳಿ, ಕರಾರಿನಲ್ಲಿ ರಜೆ ಎಷ್ಟು ಎಂದು ಓದಿ. ಪ್ರಾರ್ಥನೆಯಿಂದ ತಿಳಿಯಬೇಕಾದದ್ದು ಬೇರೆ, ಫೋನ್ ಮಾಡಿದರೆ ತಿಳಿಯುವಂಥದ್ದು ಬೇರೆ. ಎಷ್ಟೋ ಉಪವಾಸ ಪ್ರಾರ್ಥನೆಗಳು ಒಂದು ಫೋನ್ ಕರೆಯಿಂದ ಮುಗಿಯುತ್ತಿದ್ದವು.

ಇದರ ಜೊತೆಗೇ ದಿನಾ ರಾತ್ರಿ ಕಾಲು ಗಂಟೆ ಆತ್ಮಪರೀಕ್ಷೆ. ಈ ದಿನಕ್ಕೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ರಾತ್ರಿಯವರೆಗೆ ಹಿಂದಿರುಗಿ ನೋಡುವುದು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ಸಂಕಲ್ಪ. ಹಿಂದಿರುಗಿ ನೋಡುವಾಗ ಒಂದನ್ನು ಬರೆದಿಡಿ: ಇವತ್ತು ಹೋಗುವ ವಿಚಾರ ಬಂದಾಗ ಮನಸ್ಸು ಹೇಗಿತ್ತು, ಆ ವಿಚಾರ ಹೋದ ಮೇಲೆ ಹೇಗಿತ್ತು? ಇಗ್ನೇಷಿಯಸರು ಕಂಡುಕೊಂಡ ಮೂಲ ಸಂಗತಿ ಇದೇ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ ಎರಡು ಬಗೆಯ ಕನಸು ಕಾಣುತ್ತಿದ್ದರು, ಅರಮನೆಯ ಹೆಣ್ಣಿಗಾಗಿ ಮಾಡುವ ಸಾಹಸಗಳದ್ದು, ಸಂತರ ಹಾಗೆ ಬದುಕುವುದರದ್ದು. ಕಾಣುತ್ತಿರುವಷ್ಟು ಹೊತ್ತು ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಆದ್ದರಿಂದ ಹಾಡಿನ ಆರಾಧನೆಯ ನಡುವೆ ಬಂದ ಉತ್ಸಾಹವನ್ನು ಅಲ್ಲೇ ಅಳೆಯಬೇಡಿ, ಮಂಗಳವಾರ ಮಧ್ಯಾಹ್ನ ವಾರ್ಡಿನ ಕೆಲಸದ ನಡುವೆ ಅದು ಉಳಿದಿದೆಯೇ ನೋಡಿ.

ಮುಳ್ಳು ಇನ್ನೂ ಅಲ್ಲಾಡುತ್ತಿದ್ದರೆ ಮೂರು ಕಲ್ಪನೆಗಳನ್ನು ಕೊಡುತ್ತಾರೆ. ನಿಮ್ಮ ಸ್ಥಿತಿಯಲ್ಲೇ ಇರುವ, ನೀವು ಎಂದೂ ಕಾಣದ ಒಬ್ಬರು ಬಂದು ಕೇಳಿದರೆ ಏನು ಹೇಳುತ್ತೀರಿ? ಸಾಯುವ ಹೊತ್ತಿನಲ್ಲಿ ಯಾವುದನ್ನು ಆರಿಸಿದ್ದರೆ ಚೆನ್ನಾಗಿತ್ತು ಎನಿಸುತ್ತದೆ? ನ್ಯಾಯತೀರ್ಪಿನ ದಿನ ಯಾವುದನ್ನು ಕೈಯಲ್ಲಿ ಹಿಡಿದು ನಿಲ್ಲಲು ಇಷ್ಟಪಡುತ್ತೀರಿ? ಮೂರರಲ್ಲಿ ಮೊದಲನೆಯದೇ ಹೆಚ್ಚು ಕೆಲಸ ಮಾಡುತ್ತದೆ. ಬೇರೆಯವರಿಗೆ ಬುದ್ಧಿ ಹೇಳುವಾಗ ನಮಗೆ ಎಲ್ಲಿಲ್ಲದ ಸ್ಪಷ್ಟತೆ ಬರುತ್ತದಲ್ಲ!

ಸಲಹೆ ಕೇಳುವುದರ ಬಗ್ಗೆಯೂ ಒಂದು ಮಾತು. ಇಬ್ಬರನ್ನು ಕೇಳಿ, ಹೆಚ್ಚೆಂದರೆ ಮೂವರನ್ನು. ಅವರನ್ನು ಪ್ರಶ್ನೆ ಬರೆದ ದಿನವೇ ಆರಿಸಿಕೊಳ್ಳಿ. ಒಬ್ಬರು ನಿಮ್ಮನ್ನು ಬಲ್ಲವರು, ಒಬ್ಬರು ಆ ಕೆಲಸವನ್ನು ಬಲ್ಲವರು, ಸಾಧ್ಯವಾದರೆ ನಿಮ್ಮ ಫಾದರ್ ಅಥವಾ ಪಾಸ್ಟರ್. ಆಮೇಲೆ ಪಟ್ಟಿಗೆ ಹೆಸರು ಸೇರಿಸಬೇಡಿ. ಎಂಟನೆಯವರನ್ನು ಕೇಳುತ್ತಿದ್ದೀರಿ ಎಂದರೆ ಹೌದು ಎನ್ನುವವರನ್ನು ಹುಡುಕುತ್ತಿದ್ದೀರಿ ಎಂದರ್ಥ. "ನಿನ್ನ ಬಗ್ಗೆ ದೇವರು ನನಗೆ ಹೇಳಿದ್ದಾರೆ, ನೀನು ಹೋಗಲೇಬೇಕು" ಎಂದು ಪ್ರವಾದನೆ ಹೇಳುವವರು ಸಿಕ್ಕರೆ, ಪ್ರವಾದನೆಗಳನ್ನು ತಿರಸ್ಕರಿಸಬೇಡಿ ಎಂದ ಪೌಲನೇ ಎಲ್ಲವನ್ನೂ ಪರೀಕ್ಷಿಸಿರಿ ಎಂದೂ ಹೇಳಿದ್ದಾನೆಂದು ನೆನಪಿಡಿ. ಅದು ದೇವರದ್ದಾದರೆ ನಿಮ್ಮ ನಾಲ್ಕು ಕಾಲಮಿನ ಪರೀಕ್ಷೆಗೆ ಹೆದರುವುದಿಲ್ಲ.

ಈಗ ನಿಷೇಧದ ನಿಯಮ. ಕೈಪಿಡಿಯ 318ನೆಯ ಟಿಪ್ಪಣಿ. ಮನಸ್ಸು ಕುಗ್ಗಿ, ಪ್ರಾರ್ಥನೆ ರುಚಿಸದೆ, ದೇವರು ದೂರವಾದಂತೆ ಅನಿಸುವಾಗ ಹಿಂದೆ ಮಾಡಿದ ತೀರ್ಮಾನವನ್ನು ಬದಲಿಸಬೇಡಿ. ಅಂಥ ಹೊತ್ತಿನಲ್ಲಿ ಬರುವ ಯೋಚನೆಗಳನ್ನು ಹುಟ್ಟಿಸುವುದೂ ಅದೇ ಕುಗ್ಗುವಿಕೆ. ತೀರ್ಮಾನ ಬದಲಿಸುವ ಬದಲು ಪ್ರಾರ್ಥನೆಯನ್ನು ಸ್ವಲ್ಪ ಹೆಚ್ಚಿಸಿ ಎನ್ನುತ್ತಾರೆ. ಇದಕ್ಕೆ ನಾನು ಇನ್ನೊಂದನ್ನು ಸೇರಿಸುತ್ತೇನೆ, 1 ಅರಸುಗಳು 19ರಿಂದ. ಎಲೀಯ ಸಾಯಬೇಕೆಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ಎದ್ದು ತಿನ್ನು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ಅದೇ. ದೇವರು ಪ್ರಶ್ನೆ ಕೇಳಿದ್ದು ಅದೆಲ್ಲ ಆದ ಮೇಲೆ. ಸತತ ನೈಟ್ ಡ್ಯೂಟಿ ಮಾಡಿದ ವಾರದಲ್ಲಿ ದೇವರ ಚಿತ್ತ ಹುಡುಕಲು ಕೂರಬೇಡಿ. ಮಲಗಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವರ ಅನಿಶ್ಚಯ ಅನಿಶ್ಚಯವಲ್ಲ, ಕಾಯಿಲೆ. ಮನ್ರೇಸಾ ಊರಿನಲ್ಲಿದ್ದಾಗ ಇಗ್ನೇಷಿಯಸರಿಗೆ ಪಾಪನಿವೇದನೆ ಪೂರ್ತಿಯಾಗಿಲ್ಲ ಎಂಬ ಶಂಕೆ ಹತ್ತಿತು. ಎಲ್ಲವನ್ನೂ ಬರೆದುಕೊಂಡು ಹೋಗಿ ಮತ್ತೆ ನಿವೇದಿಸಿದರು. ಮತ್ತೆ ಏನೋ ಬಿಟ್ಟುಹೋಯಿತು ಎನಿಸಿತು. ಒಂದು ವಾರ ಅನ್ನ ನೀರು ಬಿಟ್ಟರು. ಕೋಣೆಯಲ್ಲಿದ್ದ ಕುಳಿಗೆ ಹಾರಿ ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಊಟ ಮಾಡು ಎಂದು ಆಜ್ಞೆ ಮಾಡಿದವರು ಅವರ ಪಾಪನಿವೇದನೆ ಕೇಳುತ್ತಿದ್ದ ಯಾಜಕರು. ಕಡೆಗೆ, ಹಳೆಯ ಪಾಪಗಳನ್ನು ಇನ್ನೆಂದೂ ನಿವೇದಿಸುವುದಿಲ್ಲ ಎಂದು ತೀರ್ಮಾನಿಸಿದ ಮೇಲೆ ಆ ಕಾಟ ಬಿಟ್ಟಿತು. ಇಂದು ಇದೇ ತರಹ, ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ಅದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳುತ್ತಾ, ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಕಳೆಯುತ್ತಿದ್ದರೆ ಅದು ಗೀಳು ಕಾಯಿಲೆ ಇರಬಹುದು. ಅದಕ್ಕೆ ಔಷಧವಿದೆ, ತರಬೇತಾದ ಚಿಕಿತ್ಸಕರಿದ್ದಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಅಂಥವರಿಗೆ ಇನ್ನಷ್ಟು ಆತ್ಮಪರೀಕ್ಷೆ ಮಾಡಿ ಎಂದು ಹೇಳಿದರೆ ಕಾಯಿಲೆ ಹೆಚ್ಚುತ್ತದೆ. ಪಾಸ್ಟರುಗಳು ದಯವಿಟ್ಟು ಇದನ್ನು ಗುರುತಿಟ್ಟುಕೊಳ್ಳಿ.

ತೀರ್ಮಾನವಾಯಿತು ಎಂದುಕೊಳ್ಳೋಣ. ನಮ್ಮ ನರ್ಸ್ ಹೋಗುವುದೆಂದು ಬರೆದಳು. ಆಗ ಅದನ್ನು ದೇವರ ಮುಂದಿಟ್ಟು, ಇದು ನಿಮಗೆ ಮೆಚ್ಚುಗೆಯಾದರೆ ಸ್ಥಿರಪಡಿಸಿ ಎಂದು ಕೇಳಬೇಕು. ಎಷ್ಟು ದಿನ? ಮೂರು ವಾರದಲ್ಲಿ ಮೂರು ನಾಲ್ಕು ದಿನ ಇದಕ್ಕೆ ಉಳಿಸಿಕೊಂಡರೆ ಸಾಕು. ಇಲ್ಲಿ ಗುರುವೇ ಎಡವಿದ್ದನ್ನು ನೋಡಿ. 1544ರಲ್ಲಿ ಯೇಸುಸಭೆಯ ದೇವಾಲಯಗಳಿಗೆ ನಿಶ್ಚಿತ ಆದಾಯ ಇರಬೇಕೋ ಬೇಡವೋ ಎಂಬ ಪ್ರಶ್ನೆಗೆ ಇಗ್ನೇಷಿಯಸ್ ಕೂತರು. ಪರವಿರೋಧಗಳನ್ನು ಬರೆದರು. ಫೆಬ್ರವರಿ 2ರಿಂದ ದಿನಚರಿ ಶುರು. ಕೆಲವೇ ದಿನಗಳಲ್ಲಿ ಬೇಡ ಎಂಬ ಕಡೆಗೆ ಮನಸ್ಸು ನಿಂತಿತು. ಆದರೆ ಇನ್ನೊಂದು ಖಚಿತತೆ, ಮತ್ತೊಂದು ಖಚಿತತೆ ಎಂದು ಕೇಳುತ್ತಾ ಹೋದರು. ಬಾರದಿದ್ದಾಗ ಕಳವಳಪಟ್ಟರು. ಮಾರ್ಚ್ 12ರಂದು, ಇನ್ನಷ್ಟು ಗುರುತುಗಳನ್ನು ಬಯಸುತ್ತಿರುವುದು ದೇವರಲ್ಲ, ತಾನೇ ಎಂದು ಹೊಳೆದು ಅಲ್ಲಿಗೆ ಮುಗಿಸಿದರು. ಸುಮಾರು ನಲವತ್ತು ದಿನ!

ಸಹಿ ಹಾಕಿದ ಮೇಲೆ ಎಲ್ಲ ಸುಗಮವಾದರೆ ಮಾತ್ರ ಅದು ದೇವರ ಚಿತ್ತ ಎಂಬ ಲೆಕ್ಕ ನಮ್ಮಲ್ಲಿ ಬಲವಾಗಿದೆ. "ನನಗೆ ಸಮಾಧಾನ ಇದೆ, ಆದ್ದರಿಂದ ಸರಿ" ಎನ್ನುತ್ತೇವೆ. ಅಪೊಸ್ತಲರ ಕೃತ್ಯಗಳು 16 ಓದಿ. ಪೌಲ ಆಸ್ಯಕ್ಕೆ ಹೊರಟ, ತಡೆಯಾಯಿತು. ಬಿಥೂನ್ಯಕ್ಕೆ ಹೊರಟ, ಅದಕ್ಕೂ ಬಿಡಲಿಲ್ಲ. ತ್ರೋವದಲ್ಲಿ ರಾತ್ರಿ ದರ್ಶನ ಕಂಡಿತು, ಮಕೆದೋನ್ಯದ ಒಬ್ಬ ಮನುಷ್ಯ ಬಂದು ಸಹಾಯ ಮಾಡು ಎಂದು ಬೇಡಿಕೊಂಡಂತೆ. ಇಷ್ಟು ಸ್ಪಷ್ಟವಾದ ದರ್ಶನ ಇವತ್ತು ನಮ್ಮಲ್ಲಿ ಯಾರಿಗಾದರೂ ಆಗಿದ್ದರೆ ಹೇಳಿ. ಹಡಗು ಹತ್ತಿ ಫಿಲಿಪ್ಪಿಗೆ ಹೋದರು. ಲುದ್ಯಳ ಮನೆಯವರು ನಂಬಿದರು, ನಿಜ. ಅದೇ ಊರಿನಲ್ಲಿ ಬಟ್ಟೆ ಹರಿದು, ಬೆತ್ತದಿಂದ ಹೊಡೆದು, ಪೌಲನನ್ನೂ ಸೀಲನನ್ನೂ ಸೆರೆಮನೆಯ ಒಳಕೋಣೆಗೆ ಹಾಕಿ ಕಾಲಿಗೆ ಕೋಳ ಬಿಗಿದರು. ಆ ರಾತ್ರಿ ಪೌಲ ದರ್ಶನ ಸುಳ್ಳಿತ್ತೇನೋ, ಬಿಥೂನ್ಯಕ್ಕೇ ಹೋಗಬೇಕಿತ್ತೇನೋ ಎಂದು ಲೆಕ್ಕ ಹಾಕುತ್ತಾ ಕೂತಿದ್ದನೆಂದು ಲೂಕ ಬರೆದಿಲ್ಲ.

ಹಾಗೆಂದು ಮಾಡಿದ ತೀರ್ಮಾನವನ್ನು ಮತ್ತೆ ನೋಡಲೇಬಾರದೇ? ನೋಡಬಹುದು. ಹೊಸ ಸಂಗತಿ ಬಂದರೆ ನೋಡಿ. ಕರಾರಿನಲ್ಲಿ ಹೇಳಿದ ಸಂಬಳ ಬೇರೆ, ಕೊಡುವ ಸಂಬಳ ಬೇರೆ ಎಂದು ತಿಳಿಯಿತು, ಅಮ್ಮನಿಗೆ ಪಾರ್ಶ್ವವಾಯು ಆಯಿತು, ಇಂಥದ್ದಾದರೆ ನಾಲ್ಕು ಕಾಲಂ ಮತ್ತೆ ಬರೆಯಿರಿ. ಕುವೈತಿಗೆ ಹೋದ ಎರಡನೆಯ ವಾರ ರೂಮಿನಲ್ಲಿ ಅಳು ಬಂತು ಎಂಬುದು ಹೊಸ ಸಂಗತಿಯಲ್ಲ, ಅದು ಬರುತ್ತದೆಂದು ಮೊದಲೇ ಗೊತ್ತಿತ್ತು. ಅದನ್ನು "ಹೋದರೆ ಅಪಾಯ" ಎಂಬ ಕಾಲಮಿನಲ್ಲಿ ಮೊದಲೇ ಬರೆದಿಟ್ಟಿದ್ದರೆ ಆ ಹಾಳೆಯನ್ನು ತೆಗೆದು ನೋಡಿಕೊಳ್ಳಬಹುದು. ಆದ್ದರಿಂದ ಹಾಳೆಯನ್ನು ಹರಿಯಬೇಡಿ, ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡು ಹೋಗಿ.

ಗಂಡ ಹೆಂಡತಿ ಸೇರಿ ತೀರ್ಮಾನ ಮಾಡಬೇಕಾದಾಗ ಹೇಗೆ ಎಂದು ಬರೆದು ಕಳಿಸಿದ ಚೀಟಿ ಇಲ್ಲಿದೆ. ಹಾಳೆ ಬೇರೆ ಬೇರೆ ಇರಲಿ. ಒಂದೇ ಮೇಜಿನಲ್ಲಿ ಕೂತು ಒಟ್ಟಿಗೆ ಬರೆದರೆ ಗಟ್ಟಿ ದನಿಯವರ ಕಾರಣಗಳೇ ನಾಲ್ಕು ಕಾಲಮನ್ನೂ ತುಂಬುತ್ತವೆ. ಒಂದು ವಾರ ಒಬ್ಬರಿಗೊಬ್ಬರು ತೋರಿಸದೆ ಬರೆಯಿರಿ, ಪ್ರಾರ್ಥನೆ ಮಾತ್ರ ಒಟ್ಟಿಗೆ ಮಾಡಿ. ಆಮೇಲೆ ಹಾಳೆ ಅದಲುಬದಲು ಮಾಡಿಕೊಂಡು, ಮೊದಲ ದಿನ ಉತ್ತರ ಕೊಡದೆ ಓದಿ. ಮಾತು ಮರುದಿನ. ಅತ್ತೆ ಮಾವಂದಿರ ಅಭಿಪ್ರಾಯ ಕೇಳುವುದಿದ್ದರೆ ಇದಾದ ಮೇಲೆ ಕೇಳಿ, ಇದಕ್ಕೆ ಮುಂಚೆ ಬೇಡ.